ಸಿಪ್ಪೆ ತೆಗೀಬೇಕಾ, ಅತ್ತೆ?

ಊರಿನಲ್ಲಿ ಅನೌನ್ಸರಮ್ಮನ ಧ್ವನಿ ಕೇಳದವರು ಇರಲಿಲ್ಲ. ಅವಳ ಮುಖ ನೋಡಿದವರನ್ನು ಬೆರಳಲ್ಲಿ ಎಣಿಸಬಹುದಿತ್ತು. ರೈಲು ನಿಲ್ದಾಣದ ಟಿಕೆಟ್ ಕೌಂಟರಿನ ಮೇಲೆ, ಕಬ್ಬಿಣದ ಮೆಟ್ಟಿಲು ಹತ್ತಿ ಹೋದರೆ ಸಿಗುವ ಗುಬ್ಬಚ್ಚಿ ಗೂಡಿನಂಥ ಕೋಣೆಯಲ್ಲಿ ಅವಳ ಕೆಲಸ. ಒಂದು ಮೇಜು, ಮೇಜಿನ ಮೇಲೊಂದು ಮೈಕು, ಮೈಕಿನ ಬುಡದಲ್ಲಿ ಒಂದು ಗುಂಡಿ, ಗುಂಡಿ ಒತ್ತಿದರೆ ಹೊತ್ತಿಕೊಳ್ಳುವ ಕೆಂಪು ದೀಪ. ಕಿಟಕಿಯೇನೋ ಇತ್ತು. ಆದರೆ ಕೋಣೆ ಕಟ್ಟಿಸಿದ ಪುಣ್ಯಾತ್ಮ ಅದನ್ನು ನೀರಿನ ಟ್ಯಾಂಕಿನ ಕಡೆಗೆ ಇಡಿಸಿದ್ದ. ಹಾಗಾಗಿ ಇಷ್ಟು ವರ್ಷ ರೈಲುಗಳನ್ನು ಬರಮಾಡಿಕೊಂಡು ಬೀಳ್ಕೊಟ್ಟವಳು, ಕೆಲಸದ ಹೊತ್ತಿನಲ್ಲಿ ಒಂದೇ ಒಂದು ರೈಲನ್ನೂ ಕಣ್ಣಾರೆ ಕಂಡವಳಲ್ಲ.

ಅವಳದು ದಪ್ಪ ಗಂಟಲು. ಶಾಲೆಯಲ್ಲಿ ಎಲ್ಲರೂ ಸೇರಿ ಹಾಡುವಾಗ ಮೇಷ್ಟ್ರು ಅವಳನ್ನು ಹಿಂದಿನ ಸಾಲಿಗೆ ಕಳಿಸಿ, "ನೀನು ಸುಮ್ನೆ ಬಾಯಿ ಆಡಿಸ್ತಾ ಇರಮ್ಮ, ಸಾಕು" ಅನ್ನುತ್ತಿದ್ದರು. ಬಾಯಿ ಆಡಿಸುತ್ತಲೇ ಅವಳು ಶಾಲೆ ಮುಗಿಸಿದಳು. ಆಮೇಲೊಮ್ಮೆ ತಮ್ಮನನ್ನು ಕಳಿಸಿಕೊಡಲು ನಿಲ್ದಾಣಕ್ಕೆ ಬಂದಿದ್ದಾಗ, ಆ ಹುಡುಗ ಹಳಿ ದಾಟಿ ಆಚೆ ಕಡೆಯ ಬೇರಾವುದೋ ರೈಲು ಹತ್ತಿ ಕೂತುಬಿಟ್ಟ. ಅಕ್ಕ ಈಚೆಯಿಂದ ಒಂದು ಕೂಗು ಹಾಕಿದಳು. "ಏ ಪೆದ್ದೇ, ಅದಲ್ವೋ ನಿನ್ನ ರೈಲು, ಇಳಿಯೋ ಕೆಳಗೆ!" ತಮ್ಮ ಇಳಿದ. ತಮ್ಮನ ಜೊತೆಗೆ ಅರ್ಧ ಬೋಗಿಯೂ ಗಾಬರಿಯಿಂದ ಗಂಟುಮೂಟೆ ಸಮೇತ ಇಳಿಯಿತು. ಆಗಿನ ಸ್ಟೇಷನ್ ಮಾಸ್ಟರು ಬೈಯುವುದಕ್ಕೆಂದು ಅವಳ ಬಳಿ ಬಂದವರು, ಬೈಯುವ ಬದಲು ಕೆಲಸ ಕೊಟ್ಟು ಹೋದರು.

ಮದುವೆಯೂ ಆ ಧ್ವನಿಯ ದೆಸೆಯಿಂದಲೇ ಆಯಿತು. ಪ್ಲಾಟ್‌ಫಾರ್ಮಿನ ಲೌಡ್‌ಸ್ಪೀಕರು ಕೆಟ್ಟಾಗ ರಿಪೇರಿಗೆ ಬಂದ ಹುಡುಗನೊಬ್ಬ ಕಂಬ ಹತ್ತಿ ಕೂತು, "ಮೇಡಂ, ಏನಾದ್ರೂ ಮಾತಾಡಿ, ಟೆಸ್ಟ್ ಮಾಡ್ಬೇಕು" ಎಂದ. ಮಾತಾಡಿದಳು. "ಇನ್ನೊಂದ್ಸಲ ಮಾತಾಡಿ." ಮತ್ತೆ ಮಾತಾಡಿದಳು. ಬೆಳಿಗ್ಗೆಯೇ ಸರಿಹೋಗಿದ್ದ ಸ್ಪೀಕರನ್ನು ಅವನು ಸಂಜೆಯವರೆಗೂ ಟೆಸ್ಟ್ ಮಾಡಿದ. ಇದೆಂಥ ರಿಪೇರಿ ಎಂದು ನೋಡಲು ಅವಳು ಮೆಟ್ಟಿಲಿಳಿದು ಬಂದಾಗ, ಕಂಬದ ಮೇಲಿದ್ದವನು ಹಲ್ಲು ಕಿರಿದ. ಅಷ್ಟೇ, ಅಲ್ಲಿಗೆ ಆಯಿತು.

ಆದರೆ ಗಂಡನ ಮನೆಗೆ ಬಂದ ಮೇಲೆ ಅವಳ ಬಾಯಿಗೆ ಕೆಲಸವೇ ಇಲ್ಲದಾಯಿತು. ಅಲ್ಲಿ ಅತ್ತೆ ಇದ್ದರು. ಬೆಳಿಗ್ಗೆ ಕಣ್ಣು ಬಿಟ್ಟಲ್ಲಿಂದ ರಾತ್ರಿ ಕಣ್ಣು ಮುಚ್ಚುವವರೆಗೆ ಅತ್ತೆಯ ಮಾತು ನಲ್ಲಿಯ ನೀರಿನಂತೆ ಸುರಿಯುತ್ತಿತ್ತು. ಮಗನಾಗಲಿ ಸೊಸೆಯಾಗಲಿ "ಹೂಂ" ಎನ್ನಲು ಸಂದು ಹುಡುಕಬೇಕಿತ್ತು. ಅಡುಗೆಮನೆಯೂ ಅತ್ತೆಯದೇ ರಾಜ್ಯ. ಸೊಸೆ ಒಳಗೆ ಕಾಲಿಟ್ಟರೆ, "ನೀನು ಹೊರಗೆ ದುಡಿದು ಬಂದಿದೀಯ, ಹೋಗು ಕೂತ್ಕೋ" ಎಂದು ಅಟ್ಟುತ್ತಿದ್ದರು. ಸೊಸೆಯೂ ಹಟ ಹಿಡಿದವಳಲ್ಲ. ಬಿಸಿ ಬಿಸಿಯಾಗಿ ತಟ್ಟೆಗೆ ಬೀಳುತ್ತಿರುವಾಗ ಹಟ ಯಾಕೆ?

ಹಿತ್ತಲಲ್ಲಿ ಒಂದು ಸೇಬಿನ ಮರವಿತ್ತು. ಅದೂ ಅತ್ತೆಯದೇ. ಹಣ್ಣು ನಿಂಬೆಗಿಂತ ತುಸು ದೊಡ್ಡದು, ಹುಳಿಯಲ್ಲಿ ನಿಂಬೆಗೆ ಸರಿಸಮ. ಹಾಗೇ ಕಚ್ಚಿದರೆ ಒಂದು ಕಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಅಂಥ ಹಣ್ಣಿನಿಂದ ಅತ್ತೆ ಪ್ರತಿ ವರ್ಷ ಕೇಕು ಮಾಡುತ್ತಿದ್ದರು. ಆ ಕೇಕಿನಲ್ಲಿ ಓಣಿಯ ಮನೆಮನೆಗೂ ಒಂದೊಂದು ತುಂಡು ಹೋಗುತ್ತಿತ್ತು. ತಿಂದವರು ಮುಂದಿನ ವರ್ಷದ ಹಣ್ಣಿಗಾಗಿ ಗೋಡೆಯ ಮೇಲಿಂದ ಇಣುಕಿ ಮರದ ಯೋಗಕ್ಷೇಮ ವಿಚಾರಿಸುತ್ತಿದ್ದರು.

ಈ ವರ್ಷ ಮರ ಕೊಂಬೆ ಬಾಗುವಂತೆ ಕಾಯಿ ಬಿಟ್ಟಿತು. ಅತ್ತೆ ಸ್ಟೂಲು ಹತ್ತಿ ಕೋಲು ಹಿಡಿದು ಕೀಳಲು ಹೋದರು. ಸೇಬು ಬೀಳಲಿಲ್ಲ, ಅತ್ತೆ ಬಿದ್ದರು. ಬಲಗೈ ಮಣಿಕಟ್ಟು ಮುರಿಯಿತು. ಡಾಕ್ಟರು ಬೆರಳ ಬುಡದಿಂದ ಮೊಣಕೈವರೆಗೆ ಸುಣ್ಣ ಬಳಿದಂತೆ ಪ್ಲಾಸ್ಟರು ಹಾಕಿ, "ಈ ಕೈಯಲ್ಲಿ ಏನೂ ಕೆಲಸ ಮಾಡ್ಬಾರ್ದು ಅಜ್ಜಿ" ಎಂದರು.

"ಹಾಗಾದ್ರೆ ಸೇಬು?" ಎಂದು ಅತ್ತೆ ಕೇಳಿದರು.

ಡಾಕ್ಟರಿಗೆ ಅರ್ಥವಾಗಲಿಲ್ಲ. ಮಗ ಛಾವಣಿ ನೋಡಿದ. ಅತ್ತೆ ಸೊಸೆಯ ಕಡೆ ತಿರುಗಿದರು.

ಹೀಗೆ ಅನೌನ್ಸರಮ್ಮನ ಕೊರಳಿಗೆ ಕೇಕು ಬಿತ್ತು. ಬೆಣ್ಣೆ ಯಾವುದು, ಮೈದಾ ಯಾವುದು ಎಂಬಷ್ಟು ಜ್ಞಾನ ಅವಳಿಗಿತ್ತು. ಅದರಾಚೆ ಎಲ್ಲವೂ ಕತ್ತಲೆ. ಆದರೂ ಹೂಂ ಎಂದಳು. ಮಧ್ಯಾಹ್ನದ ಪ್ಯಾಸೆಂಜರ್ ಹೋದ ಮೇಲೆ ಸಂಜೆಯ ಎಕ್ಸ್‌ಪ್ರೆಸ್ ಬರುವವರೆಗೆ ನಿಲ್ದಾಣದಲ್ಲಿ ಕೈ ಖಾಲಿ ಇರುತ್ತದೆ, ಅಲ್ಲೇ ಹಣ್ಣು ಹೆಚ್ಚಿಕೊಂಡರೆ ಮನೆಗೆ ಹೋಗಿ ಕಲಸುವುದಷ್ಟೇ ಬಾಕಿ ಎಂದು ಲೆಕ್ಕ ಹಾಕಿ, ಒಂದು ಚೀಲ ಸೇಬು, ಒಂದು ಚಾಕು, ಒಂದು ದೊಡ್ಡ ಸ್ಟೀಲಿನ ಪಾತ್ರೆ ಹೊತ್ತು ಕಬ್ಬಿಣದ ಮೆಟ್ಟಿಲು ಹತ್ತಿದಳು. ಪಾತ್ರೆಗೆ ಮೇಜಿನ ಮೇಲೆ ಜಾಗ ಮಾಡಲು ಮೈಕನ್ನು ಅತ್ತ ಸರಿಸಿದಳು. ಕೆಂಪು ದೀಪ ಪಾತ್ರೆಯ ಹಿಂದೆ ಮರೆಯಾಯಿತು. ಸರಿಸುವಾಗ ಮೊಣಕೈ ಗುಂಡಿಗೆ ತಾಗಿದ್ದು ಅವಳಿಗೆ ಗೊತ್ತಾಗಲಿಲ್ಲ.

ಹೊರಗಿನ ಸದ್ದು ಬಾರದಂತೆ ಬಾಗಿಲು ಮುಚ್ಚಿ, ಅತ್ತೆಗೆ ಫೋನು ಹಚ್ಚಿ, ಸ್ಪೀಕರಿಗೆ ಹಾಕಿ, ಪಾತ್ರೆಗೆ ಒರಗಿಸಿಟ್ಟಳು.

"ಸಿಪ್ಪೆ ತೆಗೀಬೇಕಾ, ಅತ್ತೆ?"

ನಿಲ್ದಾಣದ ಅಷ್ಟೂ ಪ್ಲಾಟ್‌ಫಾರ್ಮುಗಳಲ್ಲಿ, ಕಾಯುವ ಕೋಣೆಯಲ್ಲಿ, ಹೊರಗಿನ ಆಟೋ ಸ್ಟ್ಯಾಂಡಿನಲ್ಲಿ ಆ ಪ್ರಶ್ನೆ ಗಂಭೀರವಾಗಿ, ಸ್ಪಷ್ಟವಾಗಿ ಮೊಳಗಿತು. ತೂಕಡಿಸುತ್ತಿದ್ದವರು ತಲೆ ಎತ್ತಿದರು.

"ತೆಗೀದೆ ಹಾಗೇ ಹಾಕ್ತೀಯಾ?" ಅತ್ತೆಯ ದನಿ ಗುಡುಗಿತು. "ಎಮ್ಮೆಗೆ ಹಾಕೋದಲ್ಲ ಕಣೆ, ಮನುಷ್ಯರಿಗೆ!"

"ಸರಿ ಅತ್ತೆ. ಬೆಣ್ಣೆ ಎಷ್ಟು?"

"ಕಣ್ಣಳತೆ."

"ಯಾರ ಕಣ್ಣಳತೆ?"

"ನನ್ನ ಕಣ್ಣಳತೆ. ನಿಂದು ಬೇರೆ ಇದೆಯಾ?"

ಆ ಊರಿನಲ್ಲಿ ನಿಲುಗಡೆ ಇಲ್ಲದಿದ್ದರೂ ಸಿಗ್ನಲ್ಲಿಗಾಗಿ ಎರಡನೇ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದ ಒಂದು ರೈಲಿನ ಕಿಟಕಿಗಳಿಂದ ತಲೆಗಳು ಹೊರಬಂದವು. ಹಸಿರು ಬಾವುಟ ಎತ್ತಿದ್ದ ಗಾರ್ಡು ಅದನ್ನು ಅರ್ಧಕ್ಕೇ ಹಿಡಿದು ಕಿವಿ ನಿಗುರಿಸಿದ.

"ಮೊಟ್ಟೆ ಮೊದ್ಲಾ, ಸಕ್ಕರೆ ಮೊದ್ಲಾ?"

"ಅಯ್ಯೋ, ಏನೂ ಗೊತ್ತಿಲ್ವಲ್ಲೇ ನಿಂಗೆ! ಬೆಣ್ಣೆ ಸಕ್ಕರೆ ಮೊದ್ಲು ತಿಕ್ಕು, ಬೆಳ್ಳಗಾಗ್ಬೇಕು. ಆಮೇಲೆ ಮೊಟ್ಟೆ. ಒಂದೊಂದೇ. ಚೆನ್ನಾಗಿ ಮಾಡು, ಮರ್ಯಾದೆ ಪ್ರಶ್ನೆ. ಹೋದ ವರ್ಷ ನಿಮ್ಮ ಸ್ಟೇಷನ್ ಮಾಸ್ಟರು ಎರಡು ತುಂಡು ತಿಂದು, ಮೂರನೇದನ್ನ ಯಾರಿಗೂ ಕಾಣದ ಹಾಗೆ ಜೇಬಿಗೆ ಇಳಿಸಿದ್ರಲ್ಲ, ನೆನಪಿದೆಯಾ?"

"ಪಾಪ ಬಿಡಿ ಅತ್ತೆ. ಮನೇಲಿ ಅವರ ಹೆಂಡ್ತಿ ಬರೀ ಸೊಪ್ಪು ಬೇಯಿಸಿ ಹಾಕ್ತಾರಂತೆ."

ಸ್ಟೇಷನ್ ಮಾಸ್ಟರು ಆ ಹೊತ್ತಿಗೆ ಒಂದನೇ ಪ್ಲಾಟ್‌ಫಾರ್ಮಿನ ನಟ್ಟನಡುವೆ ನಿಂತು, ಗೋಡೆಗೆ ಉಗಿದವನೊಬ್ಬನಿಗೆ ಶಿಸ್ತಿನ ಪಾಠ ಹೇಳುತ್ತಿದ್ದರು. ಪಾಠ ಅಲ್ಲಿಗೇ ನಿಂತಿತು. ಉಗಿದವನು ಅವರ ಜೇಬನ್ನು ನೋಡಿದ. ಮಾಸ್ಟರು ಓಡಿದರು. ಅವರು ಓಡಿದ್ದನ್ನು ಆ ನಿಲ್ದಾಣ ಅದುವರೆಗೆ ಕಂಡಿರಲಿಲ್ಲ. ಕಬ್ಬಿಣದ ಮೆಟ್ಟಿಲು ದಡದಡ ಅಂದಿತು, ಬಾಗಿಲು ಧಡಾರನೆ ತೆರೆಯಿತು.

"ಮೈಕು!" ಎಂದರು ಏದುಸಿರು ಬಿಡುತ್ತ. ಅದೂ ಊರಿಗೆಲ್ಲ ಕೇಳಿಸಿತು.

ಅನೌನ್ಸರಮ್ಮ ಪಾತ್ರೆ ಎತ್ತಿದಳು. ಕೆಂಪು ದೀಪ ಉರಿಯುತ್ತಿತ್ತು. ಗುಂಡಿ ಆರಿಸಿದಾಗ ಹೊರಗಿನಿಂದ ಮೊದಲು ಅಲೆಯಂತೆ ಎದ್ದ ನಗು, ಅದರ ಹಿಂದೆಯೇ ಒಂದು ಗದ್ದಲ. ಗದ್ದಲ ಸಿಪ್ಪೆಯದು. ಸಿಪ್ಪೆ ತೆಗೆಯಬೇಕು ಎಂದು ಒಂದನೇ ಪ್ಲಾಟ್‌ಫಾರ್ಮು, ತೆಗೆಯಬಾರದು, ಸಾರವೆಲ್ಲ ಅದರಲ್ಲೇ ಇರುವುದು ಎಂದು ಎರಡನೆಯದು. ಹಳಿಯ ಈಚೆಯಿಂದ ಆಚೆಗೆ ಜನ ಕೈ ಬೀಸಿ ವಾದಿಸುತ್ತಿದ್ದರು. ಹೊರಟುನಿಂತ ರೈಲಿನ ಕಿಟಕಿಯಿಂದ ದೊಡ್ಡ ಕನ್ನಡಕದ ಹೆಂಗಸೊಬ್ಬಳು, "ಹುಳಿ ಸೇಬಾದ್ರೆ ಸಿಪ್ಪೆ ಇರ್ಲಿ ಅಂತ ಹೇಳಿ ಅವರಿಗೆ! ಬಣ್ಣ ಬರತ್ತೆ!" ಎಂದು ಕೂಗುತ್ತಲೇ ದೂರವಾದಳು. ಆ ರೈಲು ತಡವಾಗಿ ಹೊರಟಿತು. ಗಾರ್ಡು ತಡಕ್ಕೆ ಏನು ಕಾರಣ ಹೇಳಿದನೋ, ಅವನಿಗೇ ಗೊತ್ತು.

"ನನಗಂತೂ ಬೇರೆ ದಾರಿ ಇಲ್ಲಮ್ಮ," ಎಂದರು ಮಾಸ್ಟರು, ಜೇಬಿನ ಮೇಲೆ ಕೈ ಇಟ್ಟುಕೊಂಡೇ. "ಮೇಲಿನವರು ಕೇಳ್ತಾರೆ. ಸ್ವಲ್ಪ ದಿನ ಮೈಕಿನ ಹತ್ರ ಬರ್ಬೇಡಿ. ಕಳೆದುಹೋದ ಸಾಮಾನಿನ ಕೋಣೆ ನೋಡ್ಕೊಳ್ಳಿ. ಅನೌನ್ಸ್‌ಮೆಂಟು ಟಿ.ಸಿ. ಮಾಡ್ತಾನೆ."

ಅವಳು ತಲೆ ತಗ್ಗಿಸಿ ಸೇಬಿನ ಚೀಲ ಎತ್ತಿಕೊಂಡಳು. ಇಷ್ಟು ವರ್ಷ ಯಾರಿಗೂ ಮುಖ ಕಾಣದಂತೆ ಬದುಕಿದವಳಿಗೆ ಆ ದಿನ ಮೆಟ್ಟಿಲಿಳಿಯುವುದು ಕಷ್ಟವಾಯಿತು. ಎಲ್ಲರೂ ತಿರುಗಿ ತಿರುಗಿ ನೋಡುತ್ತಿದ್ದರು. ಹಮಾಲಿಯೊಬ್ಬ ತಲೆಯ ಮೇಲಿನ ಪೆಟ್ಟಿಗೆಯನ್ನೂ ಮರೆತು ಬಗ್ಗಿ ನೋಡಿ, "ಓ, ಇವರೇನಾ!" ಎಂದ. ಕಿವಿ ಬಿಸಿಯಾಗಿ, ಹಿಂದಿನ ಗೇಟಿನಿಂದ ಹೊರಬಿದ್ದು, ಗೋದಾಮಿನ ಸಂದಿಯಲ್ಲಿ ನುಸುಳಿಕೊಂಡು ಮನೆ ಸೇರಿದಳು. ಅತ್ತೆಗೆ ಹೇಗೆ ಹೇಳುವುದು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿದಳು. ಒಂದೂ ಜೋಡಣೆಯಾಗಲಿಲ್ಲ.

ಹೇಳುವ ಅಗತ್ಯ ಬೀಳಲಿಲ್ಲ. ಸುದ್ದಿ ಆಟೋ ಹತ್ತಿ ಅವಳಿಗಿಂತ ಮೊದಲೇ ಓಣಿ ತಲುಪಿತ್ತು. ಅತ್ತೆ ಪ್ಲಾಸ್ಟರಿನ ಕೈಯನ್ನು ತೊಟ್ಟಿಲ ಕೂಸಿನಂತೆ ತೊಡೆಯ ಮೇಲೆ ಮಲಗಿಸಿಕೊಂಡು ಬಾಗಿಲಲ್ಲೇ ಕೂತಿದ್ದರು.

"ಬಂದ್ಯಾ? ಅದೆಲ್ಲ ಇರ್ಲಿ, ನನ್ನ ಧ್ವನಿ ಹೇಗೆ ಕೇಳಿಸ್ತಂತೆ?"

"ಅತ್ತೆ! ನನ್ನನ್ನ ಮೈಕಿನಿಂದ ತೆಗೆದಿದಾರೆ."

"ತೆಗೀತಾರೆ, ಮತ್ತೆ ಹಾಕ್ತಾರೆ. ಸ್ಪಷ್ಟವಾಗಿ ಕೇಳಿಸ್ತಂತಾ? ಕೊನೇ ಪ್ಲಾಟ್‌ಫಾರ್ಮಿನವರೆಗೂ?"

"ಆಟೋ ಸ್ಟ್ಯಾಂಡಿನವರೆಗೂ."

ಅತ್ತೆಯ ಮುಖ ಊರಗಲವಾಯಿತು. ಸೊಸೆಗೆ ಅಳಬೇಕೋ ನಗಬೇಕೋ ತಿಳಿಯದೆ, ಚಪ್ಪಲಿ ಕಾಲಲ್ಲೇ ಅಲ್ಲೇ ಜಗುಲಿಯ ಮೇಲೆ ಕುಸಿದು ಕೂತಳು; ಕೊನೆಗೆ ನಕ್ಕಳು.

ರಜೆಯ ದಿನ ಬೆಳಿಗ್ಗೆ ಕೇಕಿನ ಕೆಲಸ ಶುರುವಾಯಿತು. ಮನೆಯ ಓವನ್ನು ಗಂಡನೇ ಎಲ್ಲಿಂದಲೋ ಹಳೆಯದು ತಂದು ರಿಪೇರಿ ಮಾಡಿದ್ದು. ಊರಿನವರ ಸಾಮಾನನ್ನೆಲ್ಲ ಹೊಸದರಂತೆ ಮಾಡಿಕೊಡುವ ಆ ಮನುಷ್ಯ, ಮನೆಯ ಸಾಮಾನನ್ನು ಮಾತ್ರ ಮುಕ್ಕಾಲು ಪಾಲಿಗೆ ಬಿಟ್ಟು ಎದ್ದುಬಿಡುತ್ತಿದ್ದ. ಓವನ್ನಿನ ಬಾಗಿಲು ತಾನಾಗಿ ಮುಚ್ಚಿ ನಿಲ್ಲುತ್ತಿರಲಿಲ್ಲ. ಅದಕ್ಕೆ ಸ್ಟೂಲು ಒತ್ತಿಟ್ಟು, ಸ್ಟೂಲಿನ ಮೇಲೆ ಯಾರಾದರೂ ಕೂರಬೇಕಿತ್ತು. ಕೂರುವ ಕೆಲಸ ಅವನದೇ. ಬೆನ್ನು ಕಾದಂತೆಲ್ಲ ಅವನು ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತಿದ್ದ.

"ಅಲುಗಾಡ್ಬೇಡ್ವೋ, ಕೇಕು ಕೂತ್ಕೊಂಡುಬಿಡತ್ತೆ," ಎಂದು ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಗದರಿದರು.

"ಕೂತಿರೋದು ನಾನಮ್ಮ."

ಮೊದಲ ಕೇಕು ನಡು ಕುಸಿದು ಬಾವಿಯಾಯಿತು. ತಪ್ಪು ಹಿಟ್ಟಿನದು. ಎಷ್ಟು ಹಿಟ್ಟು ಎಂದು ಕೇಳಿದಾಗ ಅತ್ತೆ, "ಹಾಕ್ತಾ ಹೋಗು, ನಾನು ಸಾಕು ಅಂತೀನಿ" ಎಂದಿದ್ದರು. ಸೊಸೆ ಹಾಕುತ್ತ ಹೋದಳು, ಅತ್ತೆ ಸಾಕು ಎಂದರು, ಆದರೆ ಅದು ಸಾಕಾಗಿರಲಿಲ್ಲ. ಎರಡನೆಯ ಸಲ ಕಲಸಲು ಕೂತಾಗ ಸೊಸೆ ಕೈ ಒರೆಸಿಕೊಂಡು, "ಅತ್ತೆ, ಸರಿಯಾಗಿ ಹೇಳಿ. ಲೋಟದಲ್ಲಿ ಎಷ್ಟು?" ಎಂದಳು.

ಅತ್ತೆ ಬಾಯಿ ತೆರೆದರು. ಪ್ಲಾಸ್ಟರಿನ ತುದಿಯಲ್ಲಿ ಇಣುಕುತ್ತಿದ್ದ ಬೆರಳುಗಳು ತಮ್ಮಷ್ಟಕ್ಕೆ ತಾವೇ ಹಿಟ್ಟು ತುಂಬಿಕೊಳ್ಳುವಂತೆ ಅಲುಗಿದವು. ಅತ್ತೆ ಅವನ್ನೇ ನೋಡುತ್ತ ಕೂತರು.

"ನಂಗೆ ಗೊತ್ತಿಲ್ಲ ಕಣೆ," ಎಂದರು. "ಕೈಗೆ ಗೊತ್ತು."

ಆ ಮನೆಯಲ್ಲಿ ಅತ್ತೆ "ಗೊತ್ತಿಲ್ಲ" ಎಂದದ್ದನ್ನು ಕೇಳಿ ಸ್ಟೂಲಿನ ಮೇಲಿದ್ದ ಮಗ ತಿರುಗಿದ. ಓವನ್ನಿನ ಬಾಗಿಲು ತೆರೆದುಕೊಂಡು ಬಿಸಿಗಾಳಿ ನುಗ್ಗಿತು. ಸೊಸೆ ಕುರ್ಚಿಯ ಮುಂದೆ ಮಂಡಿಯೂರಿ ಕೂತು, ಅತ್ತೆಯ ಎಡಗೈಯನ್ನು ಹಿಡಿದು ಅಂಗೈ ಬಿಡಿಸಿ, ಅದರೊಳಗೆ ಹಿಟ್ಟು ಸುರಿದಳು. "ಹೀಗಾ? ಇನ್ನೂ ಬೇಕಾ?"

ಅತ್ತೆ ಕಣ್ಣು ಮುಚ್ಚಿ ಹಿಟ್ಟನ್ನು ತೂಗಿದರು. "ಎಡಗೈ ಸ್ವಲ್ಪ ಜಿಪುಣ. ಇನ್ನೊಂಚೂರು ಹಾಕು." ಹಾಕಿದಳು. "ಹಾಂ. ಇಂಥವು ಇನ್ನೆರಡು." ಬೆಣ್ಣೆಯನ್ನೂ ಹಾಗೆಯೇ ಉಂಡೆ ಮಾಡಿ ಅಂಗೈಯಲ್ಲಿಟ್ಟು ಅಳೆದರು. ಇಬ್ಬರ ಮೊಣಕೈವರೆಗೂ ಮೈದಾ. ಹಿಟ್ಟು ಅಳೆಯುವಾಗ ಅತ್ತೆಗೆ ಹರಟೆ ಮರೆತುಹೋಗುತ್ತದೆ ಎಂಬ ಸಂಗತಿ ಸೊಸೆಗೆ ಅಂದೇ ತಿಳಿದದ್ದು.

ಸೇಬಿನ ಸರದಿ ಬಂದಾಗ ಅವಳು ಅತ್ತೆಗೆ ಬೆನ್ನು ತಿರುಗಿಸಿ ಕೂತಳು. ಕನ್ನಡಕದ ಹೆಂಗಸಿನ ಮಾತು ತಲೆಯಲ್ಲಿ ಕುಣಿಯುತ್ತಿತ್ತು. ಸಿಪ್ಪೆ ಸಮೇತ ತೆಳ್ಳಗೆ ಹೆಚ್ಚಿ, ಚಕ್ಕೆಪುಡಿ ಉದುರಿಸಿ, ಕಲಸಿದ ಹಿಟ್ಟಿನ ಮೇಲೆ ಒಪ್ಪವಾಗಿ ಸುತ್ತ ಜೋಡಿಸಿ, ಬೇಗ ಬೇಗ ಓವನ್ನಿಗೆ ತಳ್ಳಿದಳು. ಗಂಡ ಸ್ಟೂಲು ಹತ್ತಿ ಕೂತ. ಅವನು ನೋಡಿದ್ದ, ಬಾಯಿ ಬಿಡಲಿಲ್ಲ. ಓವನ್ನಿನ ಮುಂದೆ ಕೂತವನಿಗೆ ಯಾವ ಪಕ್ಷ ಹಿಡಿದರೂ ಕೇಡೇ.

ಈ ಸಲ ಕೇಕು ಎದ್ದಿತು. ಅಂಚು ಕಂದು, ನಡುವೆ ಹೊನ್ನಿನ ಬಣ್ಣ, ಸೇಬಿನ ತುದಿತುದಿಯಲ್ಲಿ ಕೆಂಪು ಗೆರೆ. ವಾಸನೆ ಹಿಡಿದು ಪಕ್ಕದ ಮನೆಯವರು ಗೋಡೆಯ ಮೇಲಿಂದ ತಲೆ ಎತ್ತಿ, ಕೈ ನೋವು ಹೇಗಿದೆ ಎಂದು ಕೇಳಿದರು. ಅತ್ತೆ ಒಂದು ತುಂಡು ಬಾಯಿಗಿಟ್ಟುಕೊಂಡು ಅಗಿದರು. ನಿಧಾನವಾಗಿ ಅಗಿದರು.

"ಸಿಪ್ಪೆ ಹಾಕಿದೀಯ."

"ಹೂಂ ಅತ್ತೆ."

"ನಾನು ಬೇಡ ಅಂದಿದ್ದೆ."

"ಹೂಂ ಅತ್ತೆ."

ಅತ್ತೆ ಇನ್ನೊಂದು ತುಂಡಿಗೆ ಕೈ ಚಾಚಿದರು. "ಇದರಲ್ಲೂ ಹಾಕಿದೀಯಾ ನೋಡೋಣ," ಎಂದರು.

ಅತ್ತ ನಿಲ್ದಾಣದಲ್ಲಿ ಟಿ.ಸಿ.ಯ ಆಳ್ವಿಕೆ ನಡೆದಿತ್ತು. ಅವನು ಒಳ್ಳೆಯ ಮನುಷ್ಯ, ಆದರೆ ಮೈಕು ಕಂಡರೆ ಕೆಮ್ಮು ಬರುತ್ತಿತ್ತು. ಎರಡು ಎನ್ನುವಲ್ಲಿ ಕೆಮ್ಮಿ ಮೂರು ಎನ್ನುತ್ತಿದ್ದ. ಜನ ಮೇಲ್ಸೇತುವೆ ಹತ್ತಿ ಮೂರಕ್ಕೆ ಓಡಿದರೆ, "ಕ್ಷಮಿಸಿ, ಎರಡು" ಎನ್ನುತ್ತಿದ್ದ. ಇಡೀ ಊರು ಸೇತುವೆಯ ಮೇಲೆ ಹೋಗಿ ಬಂದು ಕಾಲು ಗಟ್ಟಿ ಮಾಡಿಕೊಂಡಿತು. ಇದರ ಮೇಲೆ, ಪ್ರತಿಯೊಬ್ಬರೂ ಕಳೆದುಹೋದ ಸಾಮಾನಿನ ಕೋಣೆಗೆ ಏನೂ ಕಳೆದುಕೊಳ್ಳದೆಯೇ ಬಂದು, ಅನೌನ್ಸರಮ್ಮನ ಮುಖ ನೋಡಿ, "ಕೇಕು ಏನಾಯ್ತಮ್ಮ?" ಎಂದು ಕೇಳಿ ಹೋಗುತ್ತಿದ್ದರು. ಮೊದಮೊದಲು ಅವಳು ಛತ್ರಿಗಳ ರಾಶಿಯ ಹಿಂದೆ ಅಡಗಿದಳು. ಆಮೇಲಾಮೇಲೆ ಬಾಗಿಲ ಹತ್ತಿರವೇ ಕುರ್ಚಿ ಎಳೆದುಕೊಂಡಳು. ಬಾಗಿಲಿನಿಂದ ರೈಲುಗಳು ಚೆನ್ನಾಗಿ ಕಾಣುತ್ತಿದ್ದವು. ಸಂಜೆಯ ಎಕ್ಸ್‌ಪ್ರೆಸ್ಸು ನೀಲಿ ಬಣ್ಣದ್ದು ಎಂಬುದು ಅವಳಿಗೆ ಆಗ ಗೊತ್ತಾಯಿತು.

ಕೊನೆಗೆ ಮಾಸ್ಟರೇ ಕೋಣೆಯ ಬಾಗಿಲಿಗೆ ಬಂದು, ಗಂಟಲು ಸರಿಮಾಡಿಕೊಂಡು, "ನಾಳೆಯಿಂದ ಮೇಲೆ ಹೋಗಿಬಿಡಿಮ್ಮ," ಎಂದರು. ಎರಡು ಹೆಜ್ಜೆ ಹೋದವರು ಹಿಂದಿರುಗಿ ದನಿ ತಗ್ಗಿಸಿ, "ಕೇಕು ಆಯ್ತಾ?" ಎಂದರು.

ಮರುದಿನ ಅವಳು ರಾತ್ರಿಯೇ ಹೊಸದಾಗಿ ಮಾಡಿಟ್ಟ ಕೇಕಿನ ಡಬ್ಬಿ ಹಿಡಿದು ಹೊರಟಾಗ ಅತ್ತೆಯೂ ಸೀರೆ ಬದಲಾಯಿಸಿ ಸಿದ್ಧರಾಗಿದ್ದರು. "ನಾನೂ ಬರ್ತೀನಿ. ಕೈ ಮುರಿದಿರೋದು, ಕಾಲಲ್ಲ."

ನಿಲ್ದಾಣದ ಬಾಗಿಲು ದಾಟಿದ್ದೇ ತಡ, ಅತ್ತೆ ಸುತ್ತ ನೋಡಿ, "ಅಬ್ಬಬ್ಬಾ, ಎಷ್ಟು ಜನ!" ಎಂದು ಉದ್ಗರಿಸಿದರು. ಎದುರಿಗೆ ಹೋಗುತ್ತಿದ್ದ ಹಮಾಲಿ ಆ ದನಿ ಕೇಳಿ ಗಕ್ಕನೆ ನಿಂತ.

"ಕೇಕಿನ ಅಜ್ಜಿ! ಏಯ್, ಕೇಕಿನ ಅಜ್ಜಿ ಬಂದಿದಾರೆ ಕಣ್ರೋ!"

ಜನ ಮುತ್ತಿಕೊಂಡರು. ಅತ್ತೆ ಬೆಂಚಿನ ಮೇಲೆ ಕೂತು ದರ್ಬಾರು ನಡೆಸಿದರು. ಡಬ್ಬಿ ಕೈಯಿಂದ ಕೈಗೆ ಹೋಗಿ ಚೂರೂ ಉಳಿಯಲಿಲ್ಲ. ಮಾಸ್ಟರು ತಮ್ಮ ಪಾಲನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು ತಿಂದರು. ಸಿಪ್ಪೆಯ ಮಾತು ಮತ್ತೆ ಎದ್ದಾಗ ಅತ್ತೆ ಒಂದು ಕ್ಷಣವೂ ತಡವರಿಸದೆ, "ಹುಳಿ ಸೇಬಾದ್ರೆ ಸಿಪ್ಪೆ ಇರ್ಬೇಕಪ್ಪ, ನಾನು ಯಾವಾಗ್ಲೂ ಹೇಳ್ತೀನಿ," ಎಂದರು. ಸೊಸೆ ಬೇರೆ ಕಡೆ ನೋಡಿದಳು.

"ಅಜ್ಜಿ ಒಂದ್ಸಲ ಮೈಕಲ್ಲಿ ಮಾತಾಡ್ಲಿ ಸಾರ್," ಎಂದು ಯಾರೋ ಕೂಗಿದರು. ಬಾಯಿ ತುಂಬ ಕೇಕಿದ್ದ ಮಾಸ್ಟರಿಗೆ ಬೇಡ ಎನ್ನಲು ಆಗಲಿಲ್ಲ.

ಸೊಸೆ ಅತ್ತೆಯನ್ನು ಹಿಡಿದು ಕಬ್ಬಿಣದ ಮೆಟ್ಟಿಲು ಹತ್ತಿಸಿದಳು. ಅತ್ತೆ ಕುರ್ಚಿಯಲ್ಲಿ ಕೂತು ಸೆರಗು ಸರಿಪಡಿಸಿಕೊಂಡರು. ಸೊಸೆ ಗುಂಡಿ ಒತ್ತಿದಳು. ಕೆಂಪು ದೀಪ ಹೊತ್ತಿತು. ಕೆಳಗೆ ಜನ ಉಸಿರು ಬಿಗಿಹಿಡಿದು ಕಾದರು.

ಅತ್ತೆ ದೀಪವನ್ನು ನೋಡಿದರು. ಹುಟ್ಟಿದಂದಿನಿಂದ ಒಂದು ದಿನವೂ ಮಾತಿಗೆ ಬಡತನ ಕಾಣದ ಆ ಹೆಂಗಸಿನ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. "ಹ್ಞಾ..." ಎಂದರು. ಎಂಜಲು ನುಂಗಿದರು. ಪ್ಲಾಸ್ಟರಿನ ಕೈಯಿಂದ ಸೊಸೆಯನ್ನು ತಿವಿದು, "ನೀನೇ ಹೇಳೇ," ಎಂದು ಪಿಸುಗುಟ್ಟಿದರು. ಆ ಪಿಸುಮಾತು ಆಟೋ ಸ್ಟ್ಯಾಂಡಿನವರೆಗೂ ಹೋಯಿತು.

ಅನೌನ್ಸರಮ್ಮ ಬಗ್ಗಿ, ಅತ್ತೆಯ ಹೆಗಲ ಮೇಲೆ ಕೈ ಇಟ್ಟು, ತನ್ನ ದಪ್ಪ ಗಂಟಲಲ್ಲಿ ಶಾಂತವಾಗಿ ಹೇಳಿದಳು: "ಪ್ರಯಾಣಿಕರ ಗಮನಕ್ಕೆ. ಪ್ಯಾಸೆಂಜರ್ ರೈಲು ಎರಡನೇ ಪ್ಲಾಟ್‌ಫಾರ್ಮಿಗೆ ಬರುತ್ತಿದೆ."

ಕೆಳಗೆ ಚಪ್ಪಾಳೆ ಬಿತ್ತು. ಎರಡನೇ ಪ್ಲಾಟ್‌ಫಾರ್ಮಿಗೇ ರೈಲು ಬಂದದ್ದಕ್ಕೆ ಇನ್ನೂ ಜೋರಾಗಿ ಬಿತ್ತು.

ಸಂಜೆ ಅತ್ತೆ ಸೊಸೆ ಇಬ್ಬರೂ ಮುಂದಿನ ಗೇಟಿನಿಂದ, ದೊಡ್ಡ ರಸ್ತೆಯಲ್ಲೇ ನಡೆದು ಮನೆಗೆ ಹೊರಟರು. ಅತ್ತೆ ಬಹಳ ದೂರದವರೆಗೆ ತುಟಿ ಬಿಚ್ಚಲಿಲ್ಲ. ಸೊಸೆಗೆ ಹೆದರಿಕೆಯಾಯಿತು.

"ಸುಸ್ತಾಯ್ತಾ ಅತ್ತೆ? ಆಟೋ ಹಿಡಿಯೋಣ್ವಾ?"

"ಇಲ್ಲ ಕಣೆ. ಯೋಚಿಸ್ತಾ ಇದ್ದೆ. ಮೊದ್ಲು ನಮಸ್ಕಾರ ಅನ್ಬೇಕಿತ್ತು, ಅಲ್ವಾ?" ಅತ್ತೆ ಫುಟ್‌ಪಾತಿನ ಮೇಲೆ ನಿಂತರು. ಎಡಗೈಯನ್ನು ಬಾಯಿಯ ಮುಂದೆ ಮೈಕಿನಂತೆ ಹಿಡಿದರು. "ಎಲ್ರಿಗೂ ನಮಸ್ಕಾರ. ಕೇಳಿಸ್ತಿದೆಯಾ ನಿಂಗೆ? ಸ್ವಲ್ಪ ದೂರ ಹೋಗಿ ನಿಂತ್ಕೋ, ನೋಡೋಣ."

ಸೊಸೆ ಬೀದಿ ದೀಪದ ಕಂಬದವರೆಗೆ ಹೋಗಿ ನಿಂತಳು.